ಅಮ್ಮನ ಫೋನಿಗೆ ಮೂರು ಥರದ ಬ್ಯಾಕಪ್: ಮೂರನ್ನೂ ವಾಪಸ್ ಹಾಕಿ ನೋಡಿದೆ

ಅಮ್ಮನ ಫೋನನ್ನು ಆಂಡ್ರಾಯ್ಡ್ 13ರಿಂದ 14ಕ್ಕೆ ಅಪ್‌ಡೇಟ್ ಮಾಡಿದೆ. ಅರ್ಧ ಗಂಟೆಯಲ್ಲಿ ಮುಗಿಯಿತು, ಒಂದು ಫೋಟೋ ಕೂಡ ಹೋಗಲಿಲ್ಲ. ಸಾಮಾನ್ಯವಾಗಿ ಹೋಗುವುದೂ ಇಲ್ಲ, ಯಾಕಂದ್ರೆ ಅಪ್‌ಡೇಟ್ ಬದಲಿಸುವುದು ಸಿಸ್ಟಂ ಇರುವ ಜಾಗವನ್ನು, ನಮ್ಮ ಫೋಟೋ ಮೆಸೇಜು ಇರುವ ಜಾಗ ಬೇರೆ. ತೊಂದರೆ ಶುರುವಾಗಿದ್ದು ಆಮೇಲೆ. ಕರೆ ಬಂದರೆ ಸ್ಕ್ರೀನ್ ಏಳುವುದಕ್ಕೆ ನಾಲ್ಕೈದು ಸೆಕೆಂಡ್, ಬೆಳಿಗ್ಗೆ ಪೂರ್ತಿ ಚಾರ್ಜ್ ಮಾಡಿದ್ದು ಮಧ್ಯಾಹ್ನಕ್ಕೆ ಖಾಲಿ. ಎರಡು ವಾರ ಕಾದೆವು, ಸರಿ ಹೋಗಲಿಲ್ಲ. ಫ್ಯಾಕ್ಟರಿ ರೀಸೆಟ್, ಅಂದರೆ ಫೋನಿನಲ್ಲಿರುವುದನ್ನೆಲ್ಲಾ ಅಳಿಸಿ ಹೊಸ ಫೋನಿನ ಹಾಗೆ ಮಾಡುವುದು, ಮಾಡಲೇಬೇಕು ಅಂತ ತೀರ್ಮಾನಿಸಿದೆ.

"ನಿಮ್ಮಪ್ಪಂದು ಆ ಮೆಸೇಜ್ ಹೋಗಲ್ಲ ತಾನೇ?" ಅಂತ ಅಮ್ಮ ಕೇಳಿದಳು.

ಅಪ್ಪ ತೀರಿಹೋಗಿ ಮೂರು ವರ್ಷ ಆಯಿತು. ಅವರು ವಾಟ್ಸಾಪ್‌ನಲ್ಲಿ ಅಮ್ಮನಿಗೆ ಕಳಿಸಿದ್ದ 14 ಸೆಕೆಂಡಿನ ಒಂದು ವಾಯ್ಸ್ ಮೆಸೇಜ್ ಇದೆ. ಗೇಟಿಗೆ ಬೀಗ ಹಾಕಿದೀನಿ, ಬೀಗದ ಕೈ ತುಳಸಿ ಕಟ್ಟೆ ಹತ್ರ ಇಟ್ಟಿದೀನಿ ಅಂತ. ಅಷ್ಟೇ. ಅದಕ್ಕೇ ನಾನು ಒಂದೇ ಬ್ಯಾಕಪ್ ನಂಬಿ ಕೂರಲಿಲ್ಲ. ಮೂರು ಥರ ಬ್ಯಾಕಪ್ ತೆಗೆದುಕೊಂಡು, ಎರಡು ದಿನ ಕೂತು, ಮೂರು ಸಲ ಫೋನ್ ಖಾಲಿ ಮಾಡಿ, ಒಂದೊಂದನ್ನೇ ವಾಪಸ್ ಹಾಕಿ ನೋಡಿದೆ. ಪ್ರತಿ ಸಲ ಮೊದಲು ನೋಡಿದ್ದು ಆ 14 ಸೆಕೆಂಡ್ ಕೇಳಿಸುತ್ತದಾ ಅಂತ.

ರೀಸೆಟ್‌ಗೂ ಮೊದಲು ಒಂದು ಮಾತು. ಫೋನಿನಲ್ಲಿರುವ ಜಿಮೇಲ್ ಖಾತೆಯ ಪಾಸ್‌ವರ್ಡ್ ಗೊತ್ತಿದೆಯಾ ಅಂತ ನೋಡಿಕೊಳ್ಳಿ. ಅಮ್ಮನ ಖಾತೆ ಮಾಡಿಕೊಟ್ಟಿದ್ದು ಫೋನ್ ಕೊಂಡ ಅಂಗಡಿಯ ಹುಡುಗ, ಪಾಸ್‌ವರ್ಡ್ ಏನು ಅಂತ ಅಮ್ಮನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಸ್ಕ್ರೀನ್ ಲಾಕ್ ಇದ್ದ ಫೋನನ್ನು ರಿಕವರಿ ಮೆನುವಿನಿಂದ (ಫೋನ್ ಆಫ್ ಮಾಡಿ ಬಟನ್ ಒತ್ತಿ ತೆರೆಯುವ ಮೆನು) ಅಳಿಸಿದರೆ, ಮತ್ತೆ ಆನ್ ಮಾಡುವಾಗ ಹಳೇ ಲಾಕ್ ಅಥವಾ ಅದೇ ಖಾತೆಯ ಪಾಸ್‌ವರ್ಡ್ ಕೇಳುತ್ತದೆ. ಕಳ್ಳರಿಗೆ ಫೋನ್ ಉಪಯೋಗಕ್ಕೆ ಬರಬಾರದು ಅಂತ ಮಾಡಿರುವ ವ್ಯವಸ್ಥೆ ಅದು. ಇನ್ನು ಗೂಗಲ್ ಬ್ಯಾಕಪ್ ವಾಪಸ್ ತರುವುದಕ್ಕಂತೂ ಪಾಸ್‌ವರ್ಡ್ ಬೇಕೇ ಬೇಕು. ಅಮ್ಮನ ನಂಬರಿಗೆ ಓಟಿಪಿ ತರಿಸಿ ಹೊಸ ಪಾಸ್‌ವರ್ಡ್ ಇಟ್ಟು, ಹಾಲಿನ ಲೆಕ್ಕದ ಪುಸ್ತಕದ ಕೊನೇ ಪುಟದಲ್ಲಿ ಬರೆದಿಟ್ಟ ಮೇಲೇ ಮುಂದಕ್ಕೆ ಹೋದೆ.

ಮೊದಲನೆಯದು ಗೂಗಲ್ ಬ್ಯಾಕಪ್. ಇದರಷ್ಟು ಸುಲಭದ್ದು ಇನ್ನೊಂದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಒಂದು ಸಲ ಆನ್ ಮಾಡಿದರೆ ಅದರ ಪಾಡಿಗೆ ಅದು ಕೆಲಸ ಮಾಡುತ್ತದೆ, ಫೋನ್ ಕಳೆದುಹೋದರೂ ಬ್ಯಾಕಪ್ ಎಲ್ಲೋ ಭದ್ರವಾಗಿರುತ್ತದೆ. ಆದರೆ ಉಚಿತವಾಗಿ ಸಿಗುವುದು 15 ಜಿಬಿ, ಅದರಲ್ಲೇ ಜಿಮೇಲ್, ಡ್ರೈವ್, ಫೋಟೋಸ್ ಎಲ್ಲಾ. 2021ರ ಜೂನ್‌ವರೆಗೆ ಸ್ವಲ್ಪ ಗುಣಮಟ್ಟ ಇಳಿಸಿದ ಫೋಟೋಗಳು ಲೆಕ್ಕಕ್ಕೆ ಬರುತ್ತಿರಲಿಲ್ಲ, ಈಗ ಬರುತ್ತವೆ. ಆಂಡ್ರಾಯ್ಡ್‌ನಲ್ಲಿ ವಾಟ್ಸಾಪ್ ಬ್ಯಾಕಪ್ ಕೂಡ 2024ರಿಂದ ಇದೇ ಲೆಕ್ಕಕ್ಕೆ ಸೇರಿಕೊಂಡಿದೆ. ಅಮ್ಮನ ಫೋಟೋ ವಿಡಿಯೋಗಳೇ 38 ಜಿಬಿ ಇದ್ದವು, ಹಾಗಾಗಿ ತಿಂಗಳಿಗೆ 130 ರೂಪಾಯಿ ಕೊಟ್ಟು 100 ಜಿಬಿ ತೆಗೆದುಕೊಂಡೆ. ನಮ್ಮೂರಿನ ಇಂಟರ್ನೆಟ್‌ನಲ್ಲಿ ಅಷ್ಟೂ ಮೇಲೆ ಹೋಗುವುದಕ್ಕೆ ಒಂದು ರಾತ್ರಿ ಪೂರ್ತಿ ಹಿಡಿಯಿತು.

ವಾಪಸ್ ಬಂದದ್ದು ಏನು? ಆಪ್‌ಗಳು ತಾವೇ ಇಳಿದುಕೊಂಡವು, ಎಸ್ಸೆಮ್ಮೆಸ್ ಬಂತು, ಕಾಲ್ ಹಿಸ್ಟರಿ ಬಂತು, ವೈಫೈ ಪಾಸ್‌ವರ್ಡ್ ಕೂಡ ಬಂತು. ಆಪ್ ಒಳಗಿನ ಮಾಹಿತಿ ಮಾತ್ರ ಕೆಲವಕ್ಕೆ ಬಂತು, ಕೆಲವಕ್ಕೆ ಇಲ್ಲ. ಒಂದೊಂದು ಆಪ್‌ಗೆ 25 ಎಂಬಿ ಮಿತಿ ಇದೆ, ಬೇಡ ಅಂತ ಆಪ್ ಮಾಡಿದವರೇ ನಿಲ್ಲಿಸಿಯೂ ಇಡಬಹುದು. ಅಮ್ಮ ಭಜನೆ ರೆಕಾರ್ಡ್ ಮಾಡಿಕೊಂಡಿದ್ದ ಆಡಿಯೋ ಫೈಲ್‌ಗಳು ಬರಲೇ ಇಲ್ಲ, ಅವು ಈ ಬ್ಯಾಕಪ್‌ಗೆ ಸೇರಿಯೇ ಇರಲಿಲ್ಲ. ಕಾಂಟ್ಯಾಕ್ಟ್ಸ್ 312ರಲ್ಲಿ 190 ಬಂದವು. ಉಳಿದವು ಫೋನಿನಲ್ಲಿ ಸೇವ್ ಆಗಿದ್ದವು, ಗೂಗಲ್ ಖಾತೆಯಲ್ಲಿ ಅಲ್ಲ. ಫೋನಿನಲ್ಲಿರುವ ಹೆಸರುಗಳನ್ನೂ ಸೇರಿಸಿಕೊಳ್ಳುವುದಕ್ಕೆ ಬೇರೆ ಸ್ವಿಚ್ ಇದೆ, ನಾನು ಅದನ್ನು ನೋಡಿರಲಿಲ್ಲ.

ಅಪ್ಪನ ಮೆಸೇಜ್? ಇದು ವಾಟ್ಸಾಪ್‌ನ ಸ್ವಂತ ಡ್ರೈವ್ ಬ್ಯಾಕಪ್‌ನಿಂದ ಬರಬೇಕು. ಓದುವ ಮೆಸೇಜುಗಳು ಹತ್ತು ನಿಮಿಷದಲ್ಲಿ ಬಂದವು. ವಾಯ್ಸ್ ಮೆಸೇಜ್ ಇದ್ದ ಜಾಗದಲ್ಲಿ ಬರೀ ಡೌನ್‌ಲೋಡ್ ಗುರುತು, ಒತ್ತಿದರೆ ಸುತ್ತುತ್ತಾ ಇತ್ತು. ಅಮ್ಮ ಪಕ್ಕದಲ್ಲೇ ಕೂತಿದ್ದಳು. ಫೋಟೋ, ಆಡಿಯೋ ಎಲ್ಲಾ ಹಿಂದಿನಿಂದ ನಿಧಾನಕ್ಕೆ ಇಳಿಯುತ್ತವೆ ಅಂತ ನನಗೆ ಗೊತ್ತಿತ್ತು, ಆದರೂ ಆ ಎರಡೂವರೆ ಗಂಟೆ ಸಮಾಧಾನ ಇರಲಿಲ್ಲ. ಕೊನೆಗೆ ಕೇಳಿಸಿತು.

ಇಲ್ಲಿ ಎರಡು ಎಚ್ಚರಿಕೆ. ಫೋನನ್ನು 57 ದಿನ ಬಳಸದೆ ಇಟ್ಟರೆ ಗೂಗಲ್ ಆ ಫೋನಿನ ಬ್ಯಾಕಪ್ಪನ್ನೇ ಅಳಿಸಿಬಿಡಬಹುದು. ಮತ್ತೆ, ಹೊಸ ಆಂಡ್ರಾಯ್ಡ್‌ನಲ್ಲಿ ತೆಗೆದ ಬ್ಯಾಕಪ್ ಹಳೇ ಆಂಡ್ರಾಯ್ಡ್ ಇರುವ ಫೋನಿಗೆ ಇಳಿಯುವುದಿಲ್ಲ. ಮನೆಯಲ್ಲಿ ಒಂದು ಹಳೇ ಫೋನ್ ಇದೆ, ಏನಾದರೂ ಆದರೆ ಅದಕ್ಕೆ ಹಾಕಿಕೊಳ್ಳೋಣ ಅಂದುಕೊಂಡಿದ್ದರೆ ಮೊದಲು ಅದರ ವರ್ಷನ್ ನೋಡಿ.

ಎರಡನೆಯದು ಫೋನ್ ಕಂಪನಿಯವರದೇ ಪ್ರೋಗ್ರಾಂ. ಸ್ಯಾಮ್‌ಸಂಗ್‌ನವರ ಸ್ಮಾರ್ಟ್ ಸ್ವಿಚ್ ಇದೆಯಲ್ಲ, ಆ ಥರದ್ದು. ಅಮ್ಮನ ಫೋನ್ ಯಾವ ಕಂಪನಿಯದು ಅನ್ನುವುದು ಇಲ್ಲಿ ಮುಖ್ಯ ಅಲ್ಲ. ಲ್ಯಾಪ್‌ಟಾಪ್‌ಗೆ ಕೇಬಲ್ ಹಾಕಿ ಬ್ಯಾಕಪ್ ಒತ್ತಿದರೆ ಆಯಿತು, ಒಂದು ಗಂಟೆ ಇಪ್ಪತ್ತು ನಿಮಿಷದ ಕೆಲಸ. ವಾಪಸ್ ಹಾಕಿದಾಗ ಫೋನ್ ನೋಡಿ ಅಮ್ಮ "ಇದು ನನ್ ಫೋನ್ ಥರಾನೇ ಇದೆ" ಅಂದಳು. ವಾಲ್‌ಪೇಪರ್ ಅದೇ, ಐಕಾನ್‌ಗಳು ಅದೇ ಜಾಗದಲ್ಲಿ, ಬೆಳಿಗ್ಗೆ 5:10ರ ಅಲಾರಂ ಕೂಡ ಹಾಗೇ ಇತ್ತು. ವಯಸ್ಸಾದವರಿಗೆ ಇದು ಎಷ್ಟು ಮುಖ್ಯ ಅಂತ ನನಗೆ ಅವತ್ತೇ ಅರ್ಥ ಆಗಿದ್ದು. ಗೂಗಲ್ ಬ್ಯಾಕಪ್ ಹಾಕಿದ್ದಾಗ ಫೋನ್ ಐಕಾನ್ ಎಡಗಡೆ ಹೋಗಿ ಕೂತಿತ್ತು, ಅಮ್ಮ ಒಂದು ಗಂಟೆ ಹೊತ್ತು ಪ್ರತಿ ಸಲ ಕ್ಯಾಮೆರಾ ಒತ್ತುತ್ತಿದ್ದಳು. ಈ ಸಲ 312 ಹೆಸರೂ ಬಂದವು, ಭಜನೆಯೂ ಬಂತು.

ಆದರೆ ವಾಟ್ಸಾಪ್ ತೆರೆದರೆ ಚಾಟ್ ಖಾಲಿ. ಆಪ್ ಬಂದಿದೆ, ಒಳಗೆ ಏನೂ ಇಲ್ಲ. ಈ ಒಂದೇ ಬ್ಯಾಕಪ್ ಇಟ್ಟುಕೊಂಡು ರೀಸೆಟ್ ಮಾಡಿದ್ದಿದ್ದರೆ ಏನಾಗುತ್ತಿತ್ತು ಅಂತ ನೆನೆಸಿಕೊಂಡರೆ ಈಗಲೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಇನ್ನೊಂದು ಕೊರತೆ, ಬ್ಯಾಕಪ್ ಸರಿ ಇದೆಯಾ ಅಂತ ಲ್ಯಾಪ್‌ಟಾಪ್‌ನಲ್ಲಿ ತೆರೆದು ನೋಡುವ ಹಾಗಿಲ್ಲ, ಆ ಪ್ರೋಗ್ರಾಂಗೆ ಮಾತ್ರ ಅರ್ಥ ಆಗುವ ಫೈಲ್‌ಗಳು. ನಾಳೆ ಬೇರೆ ಕಂಪನಿಯ ಫೋನ್ ಕೊಂಡರೆ ಅದಕ್ಕೆ ಇದು ಬರುತ್ತದೆ ಅಂತ ನಂಬುವ ಹಾಗಿಲ್ಲ.

ಚಾಟ್ ಖಾಲಿ ಬಂದರೆ ಮೊದಲು ಮಾಡಬೇಕಾದ ಕೆಲಸ ಒಂದಿದೆ. ವಾಟ್ಸಾಪ್ ಸೆಟ್ಟಿಂಗ್ಸ್‌ನಲ್ಲಿ ತಾನಾಗೇ ಬ್ಯಾಕಪ್ ಆಗುವುದನ್ನು ನಿಲ್ಲಿಸಿ. ಇಲ್ಲದಿದ್ದರೆ ರಾತ್ರಿ ಆ ಖಾಲಿ ಚಾಟ್ ಡ್ರೈವ್‌ಗೆ ಹೋಗಿ, ಇದ್ದ ಹಳೇ ಬ್ಯಾಕಪ್ ಮೇಲೆ ಕೂತುಬಿಡುತ್ತದೆ. ಡ್ರೈವ್‌ನಲ್ಲಿ ಇರುವುದು ಒಂದೇ ಬ್ಯಾಕಪ್, ಹಿಂದಿನದು ಅಂತ ಇನ್ನೊಂದು ಸಿಗುವುದಿಲ್ಲ.

ಮೂರನೆಯದು ಕೈಯಾರೆ ಕಾಪಿ ಮಾಡುವುದು. ಹಳೇ ಕಾಲದ ದಾರಿ, ಕೆಲಸ ಜಾಸ್ತಿ, ಆದರೆ ಏನು ತೆಗೆದುಕೊಂಡೆ ಅಂತ ಕಣ್ಣಿಗೆ ಕಾಣುತ್ತದೆ. ಕ್ಯಾಮೆರಾ ಫೋಲ್ಡರ್, ಡೌನ್‌ಲೋಡ್, ರೆಕಾರ್ಡಿಂಗ್, ಎಲ್ಲಾ ಲ್ಯಾಪ್‌ಟಾಪ್‌ಗೆ ಎಳೆದುಕೊಂಡೆ. ಸಾವಿರಾರು ಸಣ್ಣ ಫೈಲ್ ಇದ್ದರೆ ಕೇಬಲ್‌ನಲ್ಲೂ ನಿಧಾನ, ಎರಡು ಗಂಟೆ ಮೇಲೆ ಹಿಡಿಯಿತು. ಕಾಂಟ್ಯಾಕ್ಟ್ಸ್‌ನ ವಿಸಿಎಫ್ ಫೈಲ್, ಅಂದರೆ ಹೆಸರು ನಂಬರುಗಳೆಲ್ಲಾ ಇರುವ ಫೈಲ್, ಬೇರೆ ತೆಗೆದುಕೊಂಡೆ. ಅದನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡಿದಾಗ ಎದೆ ಧಸಕ್ ಅಂತು. ಕನ್ನಡದಲ್ಲಿ ಬರೆದಿದ್ದ ಹೆಸರುಗಳ ಜಾಗದಲ್ಲಿ ಸಮ ಚಿಹ್ನೆ, ಇ ಸೊನ್ನೆ, ಸಮ ಚಿಹ್ನೆ, ಬಿ ಎರಡು ಅಂತ ಸಾಲುಗಟ್ಟಲೆ. ಹಾಳಾಗಿಲ್ಲ, ಹೆದರಬೇಡಿ. ಕನ್ನಡ ಅಕ್ಷರಗಳನ್ನು ಆ ಫೈಲ್ ಬರೆದಿಡುವ ರೀತಿ ಅದು. ಫೋನಿಗೆ ವಾಪಸ್ ಹಾಕಿದರೆ ಸೀತಕ್ಕ ಸೀತಕ್ಕನೇ, ಹೂವಿನವರು ಹೂವಿನವರೇ.

ವಾಟ್ಸಾಪ್‌ದು ಇಲ್ಲಿ ನಿಜಕ್ಕೂ ಚೆನ್ನಾಗಿ ಬಂತು. ಆಂಡ್ರಾಯ್ಡ್ ಅನ್ನುವ ಫೋಲ್ಡರ್ ಒಳಗೆ ಮೀಡಿಯಾ, ಅದರೊಳಗೆ ಕಾಮ್ ಡಾಟ್ ವಾಟ್ಸಾಪ್ ಅಂತ ಇದೆ. ಅದನ್ನು ಇಡಿಯಾಗಿ ಕಾಪಿ ಮಾಡಬೇಕು, ಚಾಟ್‌ಗಳ ಬ್ಯಾಕಪ್ ಇರುವ ಡೇಟಾಬೇಸಸ್ ಅನ್ನುವ ಫೋಲ್ಡರ್ ಅದರೊಳಗೇ ಇರುತ್ತದೆ. ಕಾಪಿ ಮಾಡುವ ಮುಂಚೆ ಚಾಟ್ ಬ್ಯಾಕಪ್‌ಗೆ ಹೋಗಿ ಒಂದು ಸಲ ಬ್ಯಾಕಪ್ ಒತ್ತಿಕೊಳ್ಳಿ. ಒತ್ತದಿದ್ದರೆ ಬೆಳಗಿನ ಜಾವ 2 ಗಂಟೆಗೆ ತಾನಾಗೇ ಆಗಿದ್ದೇ ಕೊನೆಯದು, ಆಮೇಲಿನ ಮಾತುಕತೆ ಬರುವುದಿಲ್ಲ. ರೀಸೆಟ್ ಆದ ಮೇಲೆ ಆ ಫೋಲ್ಡರನ್ನು ಮೊದಲು ಅದೇ ಜಾಗದಲ್ಲಿಟ್ಟು, ಆಮೇಲೆ ವಾಟ್ಸಾಪ್ ಹಾಕಿ, ಅದೇ ನಂಬರ್ ಕೊಟ್ಟೆ. ಗೂಗಲ್ ಖಾತೆ ಕೇಳಿದಾಗ ಬೇಡ ಅಂದೆ. ಫೋನಿನಲ್ಲೇ ಬ್ಯಾಕಪ್ ಸಿಕ್ಕಿದೆ ಅಂತ ತೋರಿಸಿತು. ಅಪ್ಪನ ಮೆಸೇಜ್ ಒತ್ತಿದ ಕೂಡಲೇ ಕೇಳಿಸಿತು, ಒಂದು ಸೆಕೆಂಡೂ ಕಾಯಲಿಲ್ಲ.

ಇದರ ತೊಂದರೆ ಕಂಡಿದ್ದು ಗ್ಯಾಲರಿಯಲ್ಲಿ. ವಾಟ್ಸಾಪ್‌ನಲ್ಲಿ ಬಂದ ಫೋಟೋಗಳ ಒಳಗೆ ತೆಗೆದ ದಿನದ ಮಾಹಿತಿ ಉಳಿದಿರುವುದಿಲ್ಲ. ಕಾಪಿ ಮಾಡಿ ವಾಪಸ್ ಹಾಕಿದಾಗ ಎಲ್ಲದಕ್ಕೂ ಇವತ್ತಿನ ತಾರೀಕು ಬಂದು, ತಂಗಿಯ ಮದುವೆಯೂ ನಿನ್ನೆಯ ಗುಡ್ ಮಾರ್ನಿಂಗ್ ಹೂವೂ ಒಂದೇ ದಿನದಲ್ಲಿ ಬೆರೆತುಹೋದವು. ಫೈಲ್ ಹೆಸರಿನಲ್ಲಿ ವರ್ಷ, ತಿಂಗಳು, ದಿನ ಇರುತ್ತದೆ, ಹುಡುಕಬಹುದು. ಆದರೆ ಅಮ್ಮನಿಗೆ ಹಾಗೆ ಹುಡುಕು ಅಂತ ಹೇಳಲಿಕ್ಕೆ ಆಗುತ್ತದಾ?

ಈ ಮೂರರಲ್ಲಿ ಯಾವುದರಲ್ಲೂ ಬರದೇ ಇದ್ದದ್ದು ಬ್ಯಾಂಕ್ ಮತ್ತು ಯುಪಿಐ ಆಪ್‌ಗಳ ಲಾಗಿನ್. ಅವು ಬರಲೂಬಾರದು, ಬಂದರೆ ಅದು ಅಪಾಯ. ಅವಕ್ಕೆ ಮತ್ತೆ ಹೊಸದಾಗಿ ಲಾಗಿನ್ ಆಗಬೇಕು. ಅದಕ್ಕೆ ಸಿಮ್ ಅದೇ ಫೋನಿನಲ್ಲಿರಬೇಕು, ಎಸ್ಸೆಮ್ಮೆಸ್ ಹೋಗುವಷ್ಟು ಪ್ಯಾಕ್ ಇರಬೇಕು, ಅಷ್ಟೇ. ಮತ್ತೆ, ನನ್ನ ಥರ ಪದೇ ಪದೇ ವಾಟ್ಸಾಪ್ ನೋಂದಾಯಿಸಿದರೆ ಮುಂದಿನ ಓಟಿಪಿಗೆ ಗಂಟೆಗಟ್ಟಲೆ ಕಾಯಬೇಕಾಗಬಹುದು, ಅದಕ್ಕೇ ನನಗೆ ಎರಡು ದಿನ ಹಿಡಿದಿದ್ದು.

ಕೊನೆಗೆ ಅಮ್ಮನ ಫೋನಿನಲ್ಲಿ ಉಳಿಸಿದ್ದು ಹೀಗೆ. ಕಂಪನಿಯ ಪ್ರೋಗ್ರಾಂನಿಂದ ಫೋನಿನ ರೂಪ, ಹೆಸರುಗಳು, ಅಲಾರಂ, ಫೋಟೋ. ವಾಟ್ಸಾಪ್ ಮಾತ್ರ ಕೈಯಾರೆ ಕಾಪಿ ಮಾಡಿದ ಫೋಲ್ಡರಿನಿಂದ. ಗೂಗಲ್ ಬ್ಯಾಕಪ್ ಆನ್ ಆಗೇ ಇದೆ, ಫೋನ್ ಕಳೆದರೆ ಬೇಕಲ್ವಾ. ಒಂದನ್ನೇ ಆರಿಸು ಅಂದರೆ ನಾನು ಕೈಯಾರೆ ಕಾಪಿಯನ್ನೇ ಆರಿಸುತ್ತೇನೆ. ಆ ಮೆಸೇಜಿನ ಆಡಿಯೋ ಫೈಲನ್ನು ವಾಯ್ಸ್ ನೋಟ್ಸ್ ಫೋಲ್ಡರಿನಲ್ಲಿ ಹುಡುಕಿ ತೆಗೆದೆ. ಅದರ ಹೆಸರಿನಲ್ಲಿ ಬರೀ ತಾರೀಕು ಮತ್ತು ಒಂದು ಸಂಖ್ಯೆ, ಯಾರ ದನಿ ಅಂತ ಎಲ್ಲೂ ಬರೆದಿರುವುದಿಲ್ಲ. ಅದಕ್ಕೆ 'ಅಪ್ಪ, ಬೀಗದ ಕೈ' ಅಂತ ಹೆಸರು ಕೊಟ್ಟು, ಒಂದು ಪ್ರತಿ ನನ್ನ ಲ್ಯಾಪ್‌ಟಾಪ್‌ನಲ್ಲಿ, ಒಂದು ತಂಗಿಯ ಫೋನಿನಲ್ಲಿ, ಒಂದು ಹಾರ್ಡ್ ಡಿಸ್ಕ್‌ನಲ್ಲಿ ಇಟ್ಟೆ. ಡಿಸ್ಕನ್ನು ಅಮ್ಮ ಬೀರುವಿನಲ್ಲಿ, ಮನೆ ಪತ್ರಗಳ ಜೊತೆ ಇಟ್ಟುಕೊಂಡಿದ್ದಾಳೆ.