ಸಕ್ಕರೆ ಕಾರ್ಖಾನೆಯ ಡ್ಯಾಶ್‌ಬೋರ್ಡ್ ಪರೀಕ್ಷೆಗೆ ಪ್ಲೇರೈಟ್: ಒಂದು ಹಂಗಾಮಿನ ಅನುಭವ

ಬಾಗಲಕೋಟೆ ಜಿಲ್ಲೆಯ ಸಕ್ಕರೆ ಕಾರ್ಖಾನೆಯೊಂದರ ಗಣಕ ವಿಭಾಗದಲ್ಲಿ ನಾನು ಕೆಲಸ ಮಾಡುತ್ತೇನೆ. ಕಾಟಾದ ಮೇಲೆ ತೂಗಿದ ಕಬ್ಬು, ನುರಿಸಿದ ಕಬ್ಬು, ಸಕ್ಕರೆ ಇಳುವರಿ (ಕಬ್ಬಿನ ತೂಕದಲ್ಲಿ ಸಿಗುವ ಸಕ್ಕರೆಯ ಶೇಕಡಾ ಪ್ರಮಾಣ), ರೈತರಿಗೆ ಕೊಡಬೇಕಾದ ಬಾಕಿ, ಇವೆಲ್ಲವೂ ನಮ್ಮಲ್ಲಿ ಒಂದೇ ಡ್ಯಾಶ್‌ಬೋರ್ಡ್‌ನಲ್ಲಿ ಕಾಣುತ್ತವೆ. ಅದರಲ್ಲಿ ಏನನ್ನಾದರೂ ಬದಲಿಸಿದಾಗ ಪುಟ ತೆರೆದು, ಅಂಕಿಗಳ ಮೇಲೆ ಕಣ್ಣಾಡಿಸಿ, ಸರಿಯಿದೆ ಎಂದು ಮುಂದೆ ಹೋಗುವುದು ಹಿಂದಿನ ರೂಢಿಯಾಗಿತ್ತು. 2025–26ರ ನುರಿಸುವ ಹಂಗಾಮಿನಲ್ಲಿ ಈ ಕೆಲಸವನ್ನು ಪ್ಲೇರೈಟ್‌ಗೆ ಒಪ್ಪಿಸಿದೆವು. ಮೈಕ್ರೋಸಾಫ್ಟ್ 2020ರಲ್ಲಿ ಹೊರತಂದ, ಬ್ರೌಸರ್ ತೆರೆದು ವೆಬ್ ಪುಟಗಳನ್ನು ತಾನಾಗಿಯೇ ಪರೀಕ್ಷಿಸುವ ಈ ಮುಕ್ತ ತಂತ್ರಾಂಶ ಉಚಿತವಾಗಿ ಸಿಗುತ್ತದೆ; ಕ್ರೋಮಿಯಂ, ಫೈರ್‌ಫಾಕ್ಸ್, ವೆಬ್‌ಕಿಟ್ ಮೂರನ್ನೂ ತಾನೇ ನಡೆಸುತ್ತದೆ. ಅಳವಡಿಕೆ ಸುಲಭ, ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ.

ನಮ್ಮ ಡ್ಯಾಶ್‌ಬೋರ್ಡ್‌ನಲ್ಲಿ ಒಂದು ದಶಮಾಂಶ ಸ್ಥಾನಕ್ಕೂ ಬೆಲೆಯಿದೆ. ಆ ಹಂಗಾಮಿಗೆ ಕೇಂದ್ರ ಸರ್ಕಾರ ನಿಗದಿಪಡಿಸಿದ, ಕಾರ್ಖಾನೆಗಳು ಕಬ್ಬಿಗೆ ರೈತರಿಗೆ ಕೊಡಲೇಬೇಕಾದ ಕನಿಷ್ಠ ಬೆಲೆಯಾದ ಎಫ್‌ಆರ್‌ಪಿ ದರವು ಶೇ 10.25 ಇಳುವರಿಗೆ ಕ್ವಿಂಟಲ್‌ಗೆ ₹355. ಅದರ ಮೇಲೆ ಇಳುವರಿ ಪ್ರತಿ ಶೇ 0.1ರಷ್ಟು ಏರಿದಾಗ ₹3.46 ಹೆಚ್ಚು, ಅಂದರೆ ಟನ್ನಿಗೆ ₹34.60. ಹೀಗಿರುವಾಗ 10.25 ಎಂಬ ಅಂಕಿಯನ್ನು ಪರದೆ 10.3 ಎಂದು ದುಂಡಾಗಿಸಿ ತೋರಿಸಿದರೆ, ಅದನ್ನು ನೋಡಿ ಲೆಕ್ಕ ಹಾಕುವವರು ದಾರಿ ತಪ್ಪುತ್ತಾರೆ. ದತ್ತಸಂಚಯದಲ್ಲಿ (ಡೇಟಾಬೇಸ್) ಅಂಕಿ ಸರಿಯಾಗಿಯೇ ಇರುವುದರಿಂದ ಅಲ್ಲಿ ಎಷ್ಟು ಹುಡುಕಿದರೂ ಈ ತಪ್ಪು ಸಿಗುವುದಿಲ್ಲ. ಓದುಗನ ಕಣ್ಣಿಗೆ ಬೀಳುವ ಅಕ್ಷರವನ್ನೇ ಹಿಡಿದು ಪರೀಕ್ಷಿಸುವುದರಿಂದ ಪ್ಲೇರೈಟ್ ನನಗೆ ಮೆಚ್ಚುಗೆಯಾಯಿತು.

ಅತ್ಯಂತ ದೊಡ್ಡ ಉಪಕಾರವಾದದ್ದು ರಾತ್ರಿಯ ಕಬ್ಬಿನ ವಿಷಯದಲ್ಲಿ. ಹಂಗಾಮಿನಲ್ಲಿ ಕಾಟಾ ಹಗಲಿರುಳೂ ನಡೆಯುತ್ತದೆ. ಟ್ರ್ಯಾಕ್ಟರ್‌ಗಳು ನಸುಕಿನವರೆಗೂ ಸಾಲು ಹಚ್ಚಿ ನಿಂತಿರುತ್ತವೆ. ನಮ್ಮ ದತ್ತಸಂಚಯವು ಸಮಯವನ್ನು ಜಾಗತಿಕ ಕಾಲಮಾನವಾದ ಯುಟಿಸಿಯಲ್ಲಿ ಬರೆದಿಡುತ್ತದೆ, ಅದು ಭಾರತೀಯ ಕಾಲಮಾನಕ್ಕಿಂತ 5 ಗಂಟೆ 30 ನಿಮಿಷ ಹಿಂದಿರುತ್ತದೆ. ಪರೀಕ್ಷೆಗೆಂದೇ ಇಟ್ಟ ದತ್ತಸಂಚಯದಲ್ಲಿ ಜನವರಿ 12ರ ರಾತ್ರಿ 2 ಗಂಟೆಯ ಒಂದು ತೂಕವನ್ನು ಸೇರಿಸಿ, ಅದು ಯಾವ ದಿನದ ಕಂಬದಲ್ಲಿ ಕಾಣುತ್ತದೆಂದು ಪ್ಲೇರೈಟ್‌ನಿಂದ ನೋಡಿಸಿದಾಗ, ಅದು ಜನವರಿ 11ರಲ್ಲಿ ಹೋಗಿ ಕುಳಿತಿತ್ತು. ಬೆಳಗಿನ ಐದೂವರೆಗೆ ಮೊದಲು ಬಂದ ಪ್ರತಿಯೊಂದು ಗಾಡಿಯೂ ಹೀಗೆಯೇ ಹಿಂದಿನ ದಿನಕ್ಕೆ ಸೇರುತ್ತಿತ್ತು. ಹಂಗಾಮಿನ ಒಟ್ಟು ಮೊತ್ತ ಸರಿಯಾಗಿಯೇ ಬರುತ್ತಿದ್ದುದರಿಂದ ಕಣ್ಣಳತೆಯ ಪರಿಶೀಲನೆಯಲ್ಲಿ ಇದು ಯಾರಿಗೂ ಗೊತ್ತಾಗಿರಲಿಲ್ಲ. ಕಬ್ಬು ಕೊಟ್ಟ 14 ದಿನಗಳೊಳಗೆ ರೈತನಿಗೆ ಹಣ ಸಲ್ಲಬೇಕೆಂಬುದು 1966ರ ಕಬ್ಬು ನಿಯಂತ್ರಣ ಆದೇಶದ ನಿಯಮ. ಒಂದು ದಿನ ಆಚೀಚೆಯಾದರೆ ಆ ಎಣಿಕೆಯೂ ಕೆಡುತ್ತದೆ. ಪ್ಲೇರೈಟ್‌ನಲ್ಲಿ ಬ್ರೌಸರ್‌ನ ಕಾಲವಲಯವನ್ನೂ ಭಾಷಾ ಪ್ರದೇಶವನ್ನೂ (ಅಂಕಿ, ದಿನಾಂಕ ಬರೆಯುವ ಪದ್ಧತಿಯನ್ನು ನಿರ್ಧರಿಸುವ ಲೊಕೇಲ್) ನಾವೇ ನಿಗದಿಪಡಿಸಬಹುದು. ಆದರೆ ಅದು ಬದಲಿಸುವುದು ಬ್ರೌಸರ್‌ನ ಗಡಿಯಾರವನ್ನು ಮಾತ್ರ. ಸರ್ವರ್‌ನಲ್ಲಿ ದಿನ ವಿಂಗಡಿಸುವ ಪ್ರಶ್ನೆಯನ್ನು (ದತ್ತಸಂಚಯದಿಂದ ಅಂಕಿ ತರಿಸುವ ಕ್ವೆರಿ) ನಾವೇ ತಿದ್ದಬೇಕಾಯಿತು. ಭಾಷಾ ಪ್ರದೇಶವನ್ನು ಹೇಳದೆ ಬಿಟ್ಟಾಗ 12,34,567 ಎಂದಿರಬೇಕಾದ ಅಂಕಿ 1,234,567 ಎಂದು ಬಂದು ಪರೀಕ್ಷೆಗಳು ವಿಫಲವಾದದ್ದೂ ಉಂಟು.

ಸರಿಯಾದ ಉತ್ತರ ಯಾವುದೆಂದು ಈ ಸಾಧನಕ್ಕೆ ತಿಳಿಯದು. ಡ್ಯಾಶ್‌ಬೋರ್ಡ್ ಬಳಸುವ ಎಸ್‌ಕ್ಯೂಎಲ್ ಪ್ರಶ್ನೆಯನ್ನೇ ಪರೀಕ್ಷೆಯಲ್ಲೂ ಬಳಸಿದರೆ ತಪ್ಪು ತಪ್ಪಿನೊಡನೆ ತಾಳೆಯಾಗುತ್ತದೆ. ಆದ್ದರಿಂದ ಕೆಲವೇ ತೂಕದ ಚೀಟಿಗಳನ್ನು ಆಯ್ದು, ಲೆಕ್ಕಪತ್ರ ವಿಭಾಗದವರು ಕೈಯಿಂದ ಕೂಡಿಸಿ ಕೊಟ್ಟ ಮೊತ್ತವನ್ನು ನಿರೀಕ್ಷಿತ ಉತ್ತರವಾಗಿ ಇಟ್ಟುಕೊಂಡೆವು. ಬೇಸರದ ಕೆಲಸ ನಿಜ, ಆದರೆ ಇದನ್ನು ಬಿಟ್ಟು ಉಳಿದದ್ದನ್ನು ಮಾಡುವುದರಲ್ಲಿ ಅರ್ಥವಿಲ್ಲವೆಂದು ನಾನು ನಂಬುತ್ತೇನೆ.

ನಕ್ಷೆಗಳ (ಚಾರ್ಟ್) ವಿಷಯದಲ್ಲಿ ಕಷ್ಟ ಹೆಚ್ಚು. ಕ್ಯಾನ್ವಾಸ್ ಮೇಲೆ ಬಿಡಿಸಿದ ನಕ್ಷೆಯೊಳಗಿನ ಅಂಕಿಗಳು ಬ್ರೌಸರ್‌ಗೆ ಅಕ್ಷರಗಳಲ್ಲ, ಕೇವಲ ಬಣ್ಣದ ಚುಕ್ಕೆಗಳು. ಪ್ಲೇರೈಟ್ ಅವನ್ನು ಓದಲಾರದು. ನಕ್ಷೆ ಬಿಡಿಸಲು ನಾವು ಬಳಸುವ ತಂತ್ರಾಂಶವಾದ ಇಚಾರ್ಟ್ಸ್‌ನಲ್ಲಿ ಎಸ್‌ವಿಜಿ ರೂಪದಲ್ಲಿ, ಅಂದರೆ ಅಂಕಿಗಳು ಅಕ್ಷರಗಳಾಗಿಯೇ ಉಳಿಯುವಂತೆ, ಬಿಡಿಸುವ ಆಯ್ಕೆಯಿರುವುದರಿಂದ ಅದಕ್ಕೆ ಬದಲಾದೆವು, ಈಗ ಕಂಬಗಳ ಮೇಲಿನ ಅಂಕಿಗಳನ್ನು ಓದಬಹುದು. ಆ ಆಯ್ಕೆ ಇಲ್ಲದವರು ಸರ್ವರ್‌ನಿಂದ ಪುಟಕ್ಕೆ ಬರುವ ದತ್ತಾಂಶವನ್ನು ನಡುವೆಯೇ ಹಿಡಿದು ನೋಡಬಹುದು, ಅದಕ್ಕೂ ಪ್ಲೇರೈಟ್‌ನಲ್ಲಿ ಅನುಕೂಲವಿದೆ.

ಪರದೆಯ ಚಿತ್ರವನ್ನು ಹಳೆಯ ಚಿತ್ರದೊಡನೆ ಹೋಲಿಸುವ ಸೌಲಭ್ಯವೂ ಇದೆ, ಆದರೆ ಅದಕ್ಕೆ ಜಾವಾಸ್ಕ್ರಿಪ್ಟ್ ಅಥವಾ ಟೈಪ್‌ಸ್ಕ್ರಿಪ್ಟ್‌ನಲ್ಲಿ ಬರೆಯಬೇಕು. ಇಲ್ಲಿ ಕನ್ನಡದ ಓದುಗರಿಗೆ ಒಂದು ಎಚ್ಚರಿಕೆ: ನಮ್ಮ ಲಿನಕ್ಸ್ ಸರ್ವರ್‌ನಲ್ಲಿ ಕನ್ನಡದ ಫಾಂಟ್ ಇರಲಿಲ್ಲ, ‘ಇಳುವರಿ’ ಎಂಬ ಶೀರ್ಷಿಕೆಯ ಜಾಗದಲ್ಲಿ ಖಾಲಿ ಚೌಕಗಳು ಬಂದವು, ಮೊದಲ ಬಾರಿ ಆ ಚೌಕಗಳ ಚಿತ್ರವೇ ಮಾದರಿಯಾಗಿ ಉಳಿದುಬಿಟ್ಟಿತು. ಆಮೇಲೆ ನೋಟೋ ಸ್ಯಾನ್ಸ್ ಕನ್ನಡ ಎಂಬ ಫಾಂಟ್ ಹಾಕಿ ಎಲ್ಲ ಮಾದರಿ ಚಿತ್ರಗಳನ್ನೂ ಮತ್ತೆ ತೆಗೆದೆವು. ವಿಂಡೋಸ್‌ನಲ್ಲಿ ತೆಗೆದ ಚಿತ್ರ ಲಿನಕ್ಸ್‌ನದಕ್ಕೆ ಹೊಂದುವುದಿಲ್ಲವಾದ್ದರಿಂದ ಒಂದೇ ಯಂತ್ರದಲ್ಲಿ ತೆಗೆಯುವುದು ಒಳ್ಳೆಯದು. ದಿನದಿನಕ್ಕೆ ಬದಲಾಗುವ ಅಂಕಿಗಳ ಭಾಗವನ್ನು ಮರೆಮಾಡಿ ಹೋಲಿಸಬಹುದು.

ಪರೀಕ್ಷೆ ವಿಫಲವಾದಾಗ ಹೆಜ್ಜೆ ಹೆಜ್ಜೆಯಾಗಿ ಏನು ನಡೆಯಿತೆಂದು ತೋರಿಸುವ ಟ್ರೇಸ್ ವೀಕ್ಷಕವು ನನಗೆ ತುಂಬ ಹಿಡಿಸಿತು. ಪ್ರೋಗ್ರಾಮಿಂಗ್ ಬಾರದ ಕಾಟಾ ವಿಭಾಗದ ಹಿರಿಯರೊಬ್ಬರು ಅದನ್ನು ನೋಡಿಯೇ, ‘ಈ ಗಾಡಿ ನಿನ್ನೇದಲ್ಲರೀ, ಇವತ್ತಿನದು’ ಎಂದು ರಾತ್ರಿಯ ತಪ್ಪನ್ನು ಬೆರಳಿಟ್ಟು ತೋರಿಸಿದರು.