ರಾಂಪುರದ ಮಡಚು ಚಾಕು: ಗುಂಡಿ ಇದೆ, ಚಿಮ್ಮುವುದಿಲ್ಲ

ಉತ್ತರ ಪ್ರದೇಶದ ರಾಂಪುರವು ತನ್ನ ಚಾಕುವಿನ ಖ್ಯಾತಿಯನ್ನು ಮುಚ್ಚಿಟ್ಟ ಊರಲ್ಲ; 2023ರಲ್ಲಿ ಸುಮಾರು 20 ಅಡಿ ಉದ್ದದ ಚಾಕುವಿನ ಪ್ರತಿಕೃತಿಯನ್ನೇ ಅಲ್ಲಿನ ವೃತ್ತವೊಂದರಲ್ಲಿ ನಿಲ್ಲಿಸಲಾಗಿದೆ. ಅದೇ ಊರಿನ ಸಣ್ಣ ಅಂಗಡಿಯೊಂದರಲ್ಲಿ ಕೊಂಡ, ಎರಡೂವರೆ ಇಂಚಿನ ಅಲಗಿರುವ ಮಡಚು ಚಾಕುವನ್ನು ಕುರಿತ ಅಭಿಪ್ರಾಯವಿದು.

ಅಂಗಡಿಯವರು ಇದನ್ನು ಬಟನ್ ಚಾಕು ಎಂದು ಕೊಟ್ಟರು. ಗುಂಡಿ ಒತ್ತಿದೊಡನೆ ಅಲಗು ಹೊರಚಿಮ್ಮುತ್ತದೆಂದು ನಂಬಿ ಕೊಳ್ಳುವವರಿಗೆ ನಿರಾಸೆ ಖಂಡಿತ. ಇಟಲಿಯ ಮನಿಯಾಗೊದಲ್ಲಿ ತಯಾರಾಗುವಂಥ ನಿಜವಾದ ಸ್ಪ್ರಿಂಗ್ ಚಾಕುವಿನಲ್ಲಿ, ಮಡಚಿಟ್ಟ ಅಲಗನ್ನು ಸ್ಪ್ರಿಂಗ್ ಸದಾ ಹೊರಕ್ಕೆ ತಳ್ಳುತ್ತಲೇ ಇರುತ್ತದೆ; ಗುಂಡಿಯನ್ನು ಒತ್ತಿದಾಗ ತಡೆ ಸರಿದು ಅಲಗು ತಾನೇ ತೆರೆದುಕೊಳ್ಳುತ್ತದೆ. ನನ್ನ ಬಳಿ ಇರುವುದರಲ್ಲಿ ಅಲಗನ್ನು ಕೈಯಿಂದಲೇ ಬಿಡಿಸಬೇಕು. ಬಿಡಿಸುವಾಗ ಅಲಗಿನ ಬುಡದಲ್ಲಿ ಕೊರೆದ ಹಲ್ಲುಗಳು ಹಿಡಿಯ ಬೆನ್ನಿನ ಪಟ್ಟಿಗೆ ಒಂದೊಂದಾಗಿ ತಾಕಿ ಕಟಕಟ ಸದ್ದು ಹೊರಡುತ್ತದೆ, ಗುಂಡಿಯ ಕೆಲಸ ಬರುವುದು ಮಡಚುವಾಗ ಮಾತ್ರ. ಉತ್ತರದವರು ಇಂಥ ಹಲ್ಲಿನ ಚಾಕುವನ್ನು ಗರಾರಿದಾರ್ ಎನ್ನುತ್ತಾರೆ.

ಹಿತ್ತಾಳೆಯ ಹಿಡಿಯ ಕೆತ್ತನೆ ಅಚ್ಚುಕಟ್ಟಾಗಿದೆ, ಕೈಗೆ ತುಸು ಭಾರವೂ ಹೌದು. ಸೀಬೆ, ಮಾವು ಹೆಚ್ಚಲು ಹರಿತ ಸಾಕು. ನಿಂಬೆ ಕೊಯ್ದು ಒರೆಸದೆ ಇಟ್ಟರೆ ಅಲಗಿನ ಮೇಲೆ ಕಪ್ಪು ಕಲೆ ಕೂರುತ್ತದೆ. ಕಬ್ಬಿಣದ ಈಳಿಗೆ ಬಳಸಿದವರಿಗೆ ಇದೇನೂ ಹೊಸದಲ್ಲ. ದೊಡ್ಡ ದೋಷವೆಂದರೆ ಪೂರ್ತಿ ತೆರೆದ ಮೇಲೂ ಅಲಗು ಅಕ್ಕಪಕ್ಕಕ್ಕೆ ಅಲುಗುವುದು. ಹೀಗಾಗಿ ತೆಂಗಿನಕಾಯಿಯ ಹೋಳಿನಿಂದ ಕೊಬ್ಬರಿ ಎಬ್ಬಿಸುವಂಥ, ಮೀಟುವ ಕೆಲಸಕ್ಕೆ ಇದನ್ನು ನಾನು ಬಳಸುವುದಿಲ್ಲ.

ಅಲಗು ಚಿಕ್ಕದಿರಲೆಂದು ಆರಿಸಿಕೊಂಡದ್ದಕ್ಕೆ ಕಾರಣವಿದೆ. ಶಸ್ತ್ರಾಸ್ತ್ರ ಕಾಯ್ದೆಯಡಿ ದೆಹಲಿ ಆಡಳಿತ 1980ರಲ್ಲಿ ಹೊರಡಿಸಿದ ಅಧಿಸೂಚನೆಯು ಸ್ಪ್ರಿಂಗ್, ಗರಾರಿದಾರ್, ಬಟನ್‌ದಾರ್ ಮೂರನ್ನೂ ಹೆಸರಿಸಿ, ಅಲಗು 7.62 ಸೆಂ.ಮೀ. ಉದ್ದ ಮತ್ತು 1.72 ಸೆಂ.ಮೀ. ಅಗಲ ಅಥವಾ ಅದಕ್ಕೂ ಹೆಚ್ಚಿರುವಂಥವನ್ನು ನಿರ್ಬಂಧಿಸಿದೆ. ಆದ್ದರಿಂದ ತಾನಾಗಿ ಚಿಮ್ಮುವುದಿಲ್ಲ ಎಂಬ ಸಮಜಾಯಿಷಿ ಅಲ್ಲಿ ನಡೆಯದು. ದೆಹಲಿಯ ಮೂಲಕ ಊರಿಗೆ ಮರಳುವವರು ಹಣ ಕೊಡುವ ಮೊದಲೇ ಅಳತೆಪಟ್ಟಿ ಕೇಳಿ ಅಳೆದುಕೊಳ್ಳುವುದು ಒಳ್ಳೆಯದು. ನನಗೆ ಅಂಗಡಿಯವರು ಬೇಸರಿಸದೆ ಅಳೆದು ತೋರಿಸಿದರು.