ರೂಗರ್ ಜಿಪಿ100, .357 ಮ್ಯಾಗ್ನಂ: ಆರು ವರ್ಷ ಬಳಸಿದ ಮೇಲೆ

ನಾವಿರುವುದು ಟೆಕ್ಸಾಸ್‌ನಲ್ಲಿ, ಹ್ಯೂಸ್ಟನ್ ಹತ್ತಿರ. 2019ರಲ್ಲಿ ಗ್ರೀನ್ ಕಾರ್ಡ್ ಬಂದ ಮೇಲೆ ಈ ರಿವಾಲ್ವರ್ ತೆಗೆದುಕೊಂಡೆ. ಎಚ್‌1ಬಿ ವೀಸಾದಲ್ಲಿ ಇರುವವರಿಗೆ ಸಾಮಾನ್ಯವಾಗಿ ಬಂದೂಕು ಕೊಳ್ಳಲು ಬರುವುದಿಲ್ಲ. ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ, ಆದರೆ ಆ ದಾರಿ ಹಿಡಿಯುವ ಮುಂಚೆ ವಕೀಲರನ್ನು ಕೇಳಿ. ಇಲ್ಲಿ ತಪ್ಪಾದರೆ ವೀಸಾಗೇ ಕುತ್ತು.

ನಾನು ಕೊಡಗಿನವನು. ನಮ್ಮ ಆಯುಧ ಪೂಜೆಯ ಹಬ್ಬವಾದ ಕೈಲ್ ಪೊಳ್ದ್ ದಿನ ಕೋವಿಗೆ ತೋಕ್ ಪೂ (ಕೋವಿ ಹೂ) ಸಿಕ್ಕಿಸಿ ಪೂಜೆ ಮಾಡಿ, ಆಮೇಲೆ ಮೈದಾನದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ, ಹೊಡೆದೂ ಇದ್ದೇನೆ. ಹಾಗಾಗಿ ಕೈಬಂದೂಕು ಏನು ಮಹಾ ಅಂದುಕೊಂಡಿದ್ದೆ. ಅದು ಬೇರೆಯೇ ವಿದ್ಯೆ. ಕೋವಿಗೆ ಭುಜದ ಆಸರೆ ಇದೆ, ಉದ್ದನೆಯ ನಳಿಗೆ ಇದೆ. ಇಲ್ಲಿ ಎರಡು ಮಣಿಕಟ್ಟು ಬಿಟ್ಟರೆ ಏನೂ ಇಲ್ಲ. ಟ್ರಿಗರ್ ಎಳೆಯುವಾಗ ಬೆರಳು ಸ್ವಲ್ಪ ಓರೆಯಾದರೂ 15 ಗಜದಲ್ಲಿ ಗುಂಡು ಗೇಣು ದೂರ ಹೋಗಿರುತ್ತದೆ.

ಕೊಳ್ಳುವ ಮೊದಲು ರೇಂಜ್‌ನಲ್ಲಿ ಮೂರು ಬಗೆಯದ್ದನ್ನು ಬಾಡಿಗೆಗೆ ತೆಗೆದುಕೊಂಡು ಹೊಡೆದೆವು, ನಾನೂ ನನ್ನ ಹೆಂಡತಿಯೂ. ಮೊದಲು .44 ಮ್ಯಾಗ್ನಂ (ಈ ಅಂಕಿ ಹೆಚ್ಚುಕಮ್ಮಿ ಗುಂಡಿನ ದಪ್ಪ, ಇಂಚಿನಲ್ಲಿ; ಮ್ಯಾಗ್ನಂ ಅಂದರೆ ಜಾಸ್ತಿ ಶಕ್ತಿಯ ತೋಟಾ). ದೊಡ್ಡದೇ ಇರಲಿ ಅನ್ನುವ ಆಸೆ ಇತ್ತು. ಐದಾರು ಸಲ ಹೊಡೆಯುವಷ್ಟರಲ್ಲಿ ನನ್ನ ಕೈ ಅದರ ಒದೆತಕ್ಕೆ ಹೆದರಿ, ಗುಂಡು ಹೊರಡುವ ಮೊದಲೇ ಕೆಳಗೆ ಬಾಗಲು ಶುರುವಾಯಿತು. ಆ ಅಭ್ಯಾಸ ಒಮ್ಮೆ ಅಂಟಿದರೆ ಬಿಡಿಸಿಕೊಳ್ಳುವುದು ಬಹಳ ಕಷ್ಟ. ಅವಳು ಒಂದೇ ಗುಂಡು ಹೊಡೆದು ಕೆಳಗಿಟ್ಟಳು. ಆಮೇಲೆ .45ರ ಪಿಸ್ತೂಲ್, 1911 ಅನ್ನುವ ಮಾದರಿ. ಅದು ನನಗೆ ತುಂಬಾ ಇಷ್ಟವಾಯಿತು. .45 ಒದೆಯುವುದಕ್ಕಿಂತ ಜಾಸ್ತಿ ತಳ್ಳುತ್ತದೆ, ಟ್ರಿಗರ್ ಬೆಣ್ಣೆ ಹಾಗೆ. ಆದರೆ ಅದರ ಸ್ಲೈಡ್ (ಮೊದಲ ತೋಟಾ ಏರಿಸಲು ಎಳೆಯುವ ಮೇಲಿನ ಭಾಗ) ಹಿಂದಕ್ಕೆ ಎಳೆಯಲು ಅವಳಿಗೆ ಕಷ್ಟವಾಯಿತು. ಮನೆ ಕಾಯಲು ಇಡುವುದನ್ನು ಮನೆಯ ಇಬ್ಬರಿಗೂ ಬಳಸಲು ಬರಬೇಕು ಅಲ್ವಾ?

ಮೂರನೆಯದು ಈ ಜಿಪಿ100. 1985ರಿಂದ ಇರುವ ಮಾದರಿ, ಆರು ಗುಂಡು, 4.2 ಇಂಚಿನ ನಳಿಗೆ, ಸ್ಟೇನ್‌ಲೆಸ್ ಸ್ಟೀಲ್, ಖಾಲಿ ಇದ್ದಾಗ 1.1 ಕಿಲೋಗಿಂತ ಸ್ವಲ್ಪ ಜಾಸ್ತಿ ತೂಕ. ಇದನ್ನು ಆರಿಸಲು ನಿಜವಾದ ಕಾರಣ ಒಂದೇ, ಇದಕ್ಕೆ ಎರಡು ತರಹದ ತೋಟಾ ಹಾಕಬಹುದು. .38 ಸ್ಪೆಷಲ್ ಮತ್ತು .357 ಮ್ಯಾಗ್ನಂ ಎರಡರ ಗುಂಡಿನ ದಪ್ಪ ಒಂದೇ. ಹೆಸರಿನಲ್ಲಿ 38 ಇದ್ದರೂ ಗುಂಡು ಇರುವುದು .357 ಇಂಚೇ. ಮ್ಯಾಗ್ನಂನ ಕೇಸ್ (ಗುಂಡು, ಮದ್ದು ಕೂರುವ ಲೋಹದ ಕೊಳವೆ) ಮೂರು ಮಿಲಿಮೀಟರ್‌ಗಿಂತ ಸ್ವಲ್ಪ ಜಾಸ್ತಿ ಉದ್ದ, ಅಷ್ಟೇ. .38ರ ರಿವಾಲ್ವರ್‌ಗೆ ಯಾರೂ ಮರೆತು ಮ್ಯಾಗ್ನಂ ತುರುಕಬಾರದು ಅಂತಲೇ ಆ ಉದ್ದ ಇಟ್ಟಿದ್ದಾರೆ. ಶಕ್ತಿಯಲ್ಲಿ ಮಾತ್ರ ಅಜಗಜಾಂತರ. ಮಾಮೂಲಿ .38ರ 158 ಗ್ರೇನ್ (ಸುಮಾರು 10 ಗ್ರಾಂ) ಗುಂಡು ಸೆಕೆಂಡಿಗೆ ಸುಮಾರು 230 ಮೀಟರ್ ಹೋದರೆ, 125 ಗ್ರೇನ್ (ಸುಮಾರು 8 ಗ್ರಾಂ) ಮ್ಯಾಗ್ನಂ ಗುಂಡು 440 ಮೀಟರ್ ಹತ್ತಿರ ಹೋಗುತ್ತದೆ.

ಆರು ವರ್ಷದಲ್ಲಿ ಸುಮಾರು 6,000 ಹೊಡೆದಿದ್ದೇನೆ. ಅದರಲ್ಲಿ ಮ್ಯಾಗ್ನಂ 800 ಇರಬಹುದು. ಇಷ್ಟು ಭಾರದ ರಿವಾಲ್ವರ್‌ನಲ್ಲಿ .38 ಹೊಡೆದರೆ ಒದೆತ ಏನೇನೂ ಅನ್ನಿಸುವುದಿಲ್ಲ. ಒಂದು ಭಾನುವಾರ ಬೆಳಿಗ್ಗೆ 100 ಹೊಡೆದು ಬಂದರೂ ಕೈ ನೋಯುವುದಿಲ್ಲ. ಹೀಗೆ ಜಾಸ್ತಿ ಹೊಡೆದದ್ದರಿಂದಲೇ ಗುರಿ ಕೂಡಿತು. ಈಗ ಹ್ಯಾಮರ್ (ತೋಟಾಗೆ ಪೆಟ್ಟು ಕೊಡುವ ಹಿಂದಿನ ಸುತ್ತಿಗೆ) ಎಳೆದಿಟ್ಟುಕೊಂಡು ಹೊಡೆದರೆ 15 ಗಜದಲ್ಲಿ ಆರೂ ಗುಂಡು ಅಂಗೈ ಅಗಲದೊಳಗೆ ಬೀಳುತ್ತವೆ. ಹ್ಯಾಮರ್ ಮುಟ್ಟದೆ ಬರೀ ಟ್ರಿಗರ್ ಎಳೆದು ಹೊಡೆಯುವುದಕ್ಕೆ ಬಲ ಬೇಕು, ಎಲ್ಲ ಡಬಲ್ ಆಕ್ಷನ್ ರಿವಾಲ್ವರ್‌ಗಳ ಸ್ವಭಾವವೇ ಅದು. ಅದಕ್ಕೆ ಮದ್ದು ಅಂದರೆ ಮನೆಯಲ್ಲೇ ಅಭ್ಯಾಸ. ಸಿಲಿಂಡರ್ (ತೋಟಾ ಕೂರುವ, ತಿರುಗುವ ಉರುಳೆ) ಖಾಲಿ ಇದೆಯೇ ಅಂತ ಎರಡು ಸಲ ನೋಡಿ, ತೋಟಾಗಳನ್ನು ಬೇರೆ ಕೋಣೆಯಲ್ಲಿಟ್ಟು, ದಿನಾ ಹತ್ತು ನಿಮಿಷ ಸುಮ್ನೆ ಟ್ರಿಗರ್ ಎಳೆಯುವುದು. ಆರು ತಿಂಗಳಲ್ಲಿ ಬೆರಳೂ ಪಳಗಿತು, ಟ್ರಿಗರೂ ನಯವಾಯಿತು.

ನಡುವೆ ಒಂದು ತಪ್ಪು ಮಾಡಿದೆ. ಟ್ರಿಗರ್ ಹಗುರವಾಗಲಿ ಅಂತ ಇಲ್ಲಿನ ಒಬ್ಬ ಬಂದೂಕು ರಿಪೇರಿಯವರ ಹತ್ತಿರ ಸ್ಪ್ರಿಂಗ್ ಬದಲಾಯಿಸಿದೆ. ಎಳೆಯಲು ಬಹಳ ಚೆನ್ನಾಗಿತ್ತು, ಆದರೆ ರೇಂಜ್‌ನಲ್ಲಿ 50ಕ್ಕೆ ಎರಡು ಮೂರು ತೋಟಾ ಸಿಡಿಯಲೇ ಇಲ್ಲ. ಹ್ಯಾಮರ್ ಪೆಟ್ಟು ಸಾಲುತ್ತಿರಲಿಲ್ಲ. ಬರೀ ಗುರಿ ಅಭ್ಯಾಸಕ್ಕಾದರೆ ನಡೆದೀತು. ರಾತ್ರಿ ಬಾಗಿಲು ಒಡೆಯುವ ಸದ್ದು ಕೇಳಿದಾಗ ಅದನ್ನು ನಂಬಿ ಕೂರಲು ಆಗುತ್ತದೆಯೇ? ಅದೇ ವಾರ ಹಳೆಯ ಸ್ಪ್ರಿಂಗ್ ವಾಪಸ್ ಹಾಕಿಸಿದೆ.

.38 ಜಾಸ್ತಿ ಹೊಡೆಯುವವರು ಇನ್ನೊಂದು ಗಮನಿಸಬೇಕು. ಗಿಡ್ಡ ಕೇಸ್ ಮುಗಿಯುವ ಜಾಗದಲ್ಲಿ, ಸಿಲಿಂಡರ್ ಒಳಗೆ ಮಸಿಯ ಉಂಗುರ ಕಟ್ಟುತ್ತದೆ. ಆಮೇಲೆ ಮ್ಯಾಗ್ನಂ ಹಾಕಲು ಹೋದರೆ ಪೂರ್ತಿ ಒಳಗೆ ಇಳಿಯುವುದಿಲ್ಲ. ಪ್ರತಿ ಸಲ ಹಿತ್ತಾಳೆ ಬ್ರಷ್ ಹಾಕಿ ಉಜ್ಜಿ. ಪಿಸ್ತೂಲ್ ಹಿಡಿದು ಅಭ್ಯಾಸ ಇರುವವರು ಹೆಬ್ಬೆರಳನ್ನು ಮುಂದಕ್ಕೆ ಚಾಚಬೇಡಿ. ಸಿಲಿಂಡರ್ ಮತ್ತು ನಳಿಗೆಯ ನಡುವಿನ ಸಂದಿಯಿಂದ ಬಿಸಿ ಗಾಳಿ ಚಾಕುವಿನ ಹಾಗೆ ಹೊರಗೆ ಬರುತ್ತದೆ, ಮ್ಯಾಗ್ನಂ ಆದರಂತೂ ಬೆರಳು ಸೀಳಿಬಿಡಬಹುದು. ರೇಂಜ್‌ನಿಂದ ಬಂದ ಮೇಲೆ ಮಕ್ಕಳನ್ನು ಮುಟ್ಟುವ ಮುಂಚೆ ಕೈ ತೊಳೆದು ಬಟ್ಟೆ ಬದಲಾಯಿಸಿ, ಸೀಸದ ಪುಡಿ ಮೈಮೇಲೆ ಇರುತ್ತದೆ.

ಈಗ ಮನೆಯ ವಿಷಯ. ಇದಕ್ಕಾಗಿಯೇ ಬರೆಯಲು ಕೂತೆ. ನಮ್ಮೂರಿನ ಐನ್‌ಮನೆಯ (ಕುಟುಂಬದ ಮೂಲ ಮನೆಯ) ದಪ್ಪ ಮಣ್ಣಿನ ಗೋಡೆ ಇಲ್ಲಿಲ್ಲ. ಇಲ್ಲಿನ ಒಳಗೋಡೆ ಅಂದರೆ ಎರಡು ಜಿಪ್ಸಂ ಹಲಗೆ, ನಡುವೆ ಟೊಳ್ಳು. ಯಾವ ಕೈಬಂದೂಕಿನ ಗುಂಡೂ ಅಂಥ ಹಲವು ಗೋಡೆ ದಾಟುತ್ತದೆ, .38 ಕೂಡ. ಎದುರಿನ ಕೋಣೆಯಲ್ಲಿ ನಮ್ಮ ಮಗಳು ಮಲಗುತ್ತಾಳೆ. ಹಾಗಾಗಿ ನಮ್ಮ ಯೋಜನೆಯಲ್ಲಿ ಬಂದೂಕು ಕೊನೆಗೆ ಬರುತ್ತದೆ. ಮೊದಲು ಒಬ್ಬರು ಮಗಳನ್ನು ನಮ್ಮ ಕೋಣೆಗೆ ತರುವುದು, ಬಾಗಿಲು ಹಾಕುವುದು, ಇನ್ನೊಬ್ಬರು 911ಗೆ ಫೋನ್ ಮಾಡಿ ಲೈನ್‌ನಲ್ಲೇ ಇರುವುದು. ಟಿವಿ ಕದ್ದರೆ ಕದಿಯಲಿ, ಹುಡುಕಿಕೊಂಡು ಹೋಗುವುದಿಲ್ಲ. ಹಾಸಿಗೆ ಪಕ್ಕದ ಗೋಡೆಗೆ ಬೋಲ್ಟ್ ಹಾಕಿದ ಚಿಕ್ಕ ಲಾಕರ್ ಇದೆ, ಅದು ನಮ್ಮಿಬ್ಬರಿಗೆ ಮಾತ್ರ ತೆರೆಯುತ್ತದೆ. ಗುಂಡು ತುಂಬಿದ ಬಂದೂಕು 17 ವರ್ಷದೊಳಗಿನ ಮಕ್ಕಳ ಕೈಗೆ ಸಿಗುವ ಹಾಗೆ ಬಿಟ್ಟರೆ ಟೆಕ್ಸಾಸ್‌ನಲ್ಲಿ ಅಪರಾಧ. ಕಾನೂನು ಇಲ್ಲದಿದ್ದರೂ ನಾನು ಹೀಗೇ ಇಡುತ್ತಿದ್ದೆ.

ರಾತ್ರಿ ರಿವಾಲ್ವರ್‌ನಲ್ಲಿ ಇರುವುದು .38 ಪ್ಲಸ್ ಪಿ ಹಾಲೋ ಪಾಯಿಂಟ್, ಅಂದರೆ ಮಾಮೂಲಿ .38ಕ್ಕಿಂತ ಸ್ವಲ್ಪ ಜಾಸ್ತಿ ಒತ್ತಡದ, ತುದಿ ಟೊಳ್ಳಾದ ಗುಂಡಿನ ತೋಟಾ. ಮ್ಯಾಗ್ನಂ ಅಲ್ಲ. ಮುಚ್ಚಿದ ಕೋಣೆಯಲ್ಲಿ .357 ಒಮ್ಮೆ ಹೊಡೆದರೆ ಕಿವಿ ಶಾಶ್ವತವಾಗಿ ಕೆಡಬಹುದು, ಬೆಂಕಿಯ ಜ್ವಾಲೆಗೆ ಕತ್ತಲಲ್ಲಿ ಕಣ್ಣು ಕಾಣುವುದಿಲ್ಲ, ಎರಡನೇ ಗುಂಡಿಗೆ ಕೈ ಸರಿಮಾಡಿಕೊಳ್ಳಲು ಹೊತ್ತು ಹಿಡಿಯುತ್ತದೆ. ಲಾಕರ್ ಒಳಗೆ ಒಂದು ಟಾರ್ಚ್, ಎಲೆಕ್ಟ್ರಾನಿಕ್ ಇಯರ್ ಮಫ್ ಕೂಡ ಇಟ್ಟಿದ್ದೇವೆ.

ಇದರ ಕೊರತೆಗಳೂ ಇವೆ. ಆರೇ ಗುಂಡು, ಮತ್ತೆ ತುಂಬುವುದು ನಿಧಾನ. ಸೊಂಟದಲ್ಲಿ ಇಟ್ಟು ಓಡಾಡಲು ಭಾರ. ತೋಟಾ ಖರ್ಚು 9 ಎಂಎಂಗಿಂತ ಜಾಸ್ತಿ, 2020-21ರಲ್ಲಂತೂ .38 ಅಂಗಡಿಗಳಲ್ಲಿ ಸಿಗುತ್ತಲೇ ಇರಲಿಲ್ಲ. ಬರೀ ಮನೆ ರಕ್ಷಣೆಗೆ ಬೇಕಿದ್ದರೆ, ಇಬ್ಬರಿಗೂ ಸ್ಲೈಡ್ ಎಳೆಯಲು ಬರುತ್ತದೆ ಅಂದರೆ, ನಾನೇ 9 ಎಂಎಂ ಪಿಸ್ತೂಲ್ ತೆಗೆದುಕೊಳ್ಳಿ ಅನ್ನುತ್ತೇನೆ. ಎಫ್‌ಬಿಐ ಕೂಡ .40 ತೋಟಾ ಬಿಟ್ಟು 9 ಎಂಎಂಗೇ ಮರಳಿದೆ. ಆದರೆ ಗುರಿ ಹೊಡೆಯುವ ಖುಷಿಯೂ ಬೇಕು, ಒಂದೇ ಬಂದೂಕು ಸಾಕು ಅನ್ನುವವರು ಕೊಳ್ಳುವ ಮುಂಚೆ ಇದನ್ನು ಒಮ್ಮೆ ಬಾಡಿಗೆಗೆ ತೆಗೆದುಕೊಂಡು ಹೊಡೆದು ನೋಡಿ. ನನ್ನ ಹೆಂಡತಿಗೆ ಈಗ 7 ಗಜದಲ್ಲಿ ನನಗಿಂತ ಚೆನ್ನಾಗಿ ಗುರಿ ಕೂಡುತ್ತದೆ. ಭಾನುವಾರ ರೇಂಜ್‌ಗೆ ಹೋಗೋಣ ಅಂತ ಮೊದಲು ಕೇಳುವವಳೂ ಅವಳೇ.